ಯಾರಿಗೂ ಬೇಡವಾದ ಬಿಯರ್ಡೆಡ್ ಡ್ರ್ಯಾಗನ್ ಮನೆಗೆ ಬಂದಿದೆ: ದವಡೆ ಮೆತ್ತಗಿದೆ, ಏನೂ ತಿನ್ನುತ್ತಿಲ್ಲ

ಮಣ್ಣುಬಣ್ಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು.

ಪರಿಚಯದವರೊಬ್ಬರು ಮನೆ ಬದಲಾಯಿಸುವಾಗ ತಮ್ಮ ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಜಾತಿಯ ದೊಡ್ಡ ಹಲ್ಲಿ) ಇನ್ನು ಬೇಡ ಅಂದರು. ಅದರ ಸ್ಥಿತಿ ನೋಡಿದ ಮೇಲೆ ಬಿಟ್ಟುಬರಲು ಮನಸ್ಸಾಗಲಿಲ್ಲ. ಹೆಣ್ಣು, ಮೂರು ವರ್ಷ ಎನ್ನುತ್ತಾರೆ. ಚಿನ್ನಿ ಅಂತ ಕರೆಯುತ್ತಿದ್ದೇನೆ. ತೂಕ 174 ಗ್ರಾಂ. ಈ ವಯಸ್ಸಿಗೆ ಇದರ ಎರಡು ಪಟ್ಟಾದರೂ ಇರಬೇಕಿತ್ತು ಅಲ್ವಾ?

ಇಷ್ಟು ದಿನ ಇದ್ದದ್ದು ಮೀನಿನ ಸಣ್ಣ ಗಾಜಿನ ಟ್ಯಾಂಕಿನಲ್ಲಿ. ತಳಕ್ಕೆ ಮರಳು, ಮೇಲೆ ಒಂದು ಕೆಂಪು ಬಲ್ಬು, ಒಳಗೆ ಕರೆಂಟಿನಿಂದ ಬಿಸಿಯಾಗುವ ಕಲ್ಲು. ಯುವಿಬಿ ದೀಪ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಕೊಡುವ ದೀಪ) ಇರಲೇ ಇಲ್ಲ. "ಕಿಟಕಿ ಪಕ್ಕ ಇಟ್ಟಿದ್ದೆವು, ಬಿಸಿಲು ಬೀಳುತ್ತಿತ್ತು" ಅಂದರು.

ಕಣ್ಣು ಒಳಕ್ಕೆ ಹೋಗಿವೆ. ಸೊಂಟದ ಮೂಳೆ ಎದ್ದು ಕಾಣುತ್ತದೆ. ಕೆಳದವಡೆ ಊದಿದೆ, ಬೆರಳು ತಾಗಿದರೆ ರಬ್ಬರಿನಂತೆ ಒಳಕ್ಕೆ ಹೋಗುತ್ತದೆ. ನಡೆಯುವಾಗ ಮೈ ಎತ್ತುವುದಿಲ್ಲ, ಹೊಟ್ಟೆ ಎಳೆದುಕೊಂಡೇ ಹೋಗುತ್ತಾಳೆ. ಹಿಂಗಾಲಿನ ಬೆರಳುಗಳು ತಾವಾಗಿಯೇ ಅದುರುತ್ತವೆ. ಎರಡು ಬೆರಳಿನ ಸುತ್ತ ಹಳೆಯ ಪೊರೆ ಬಿಗಿದುಕೊಂಡಿದೆ. ಹೊಟ್ಟೆಯ ಮೇಲೆ ಸುಟ್ಟ ಗಾಯ. ಸೊಪ್ಪು ಇಟ್ಟರೂ ಹುಳು ಇಟ್ಟರೂ ನಾಲಿಗೆ ಕೂಡ ಚಾಚುವುದಿಲ್ಲ.

ಸರೀಸೃಪ ನೋಡುವ ವೆಟ್ ಸಿಕ್ಕಿದ್ದಾರೆ, ಆದರೆ ನಾಡಿದ್ದು. ಅಲ್ಲಿಯವರೆಗೆ ನಾನು ಏನು ಮಾಡಲಿ? ಏನು ಮಾಡದೆ ಇರಲಿ?

ನಿಧಾನಿ

ಕರೆದುಕೊಂಡು ಬಂದಿರಲ್ಲ, ಒಳ್ಳೆಯದಾಯಿತು. ಇವತ್ತು ಊಟದ ಯೋಚನೆ ಬಿಡಿ. ಇಂಥ ಪ್ರಾಣಿಗೆ ಮೊದಲು ಬಿಸಿ, ಆಮೇಲೆ ನೀರು, ಜೊತೆಗೆ ಬೆಳಕು. ಊಟ ಕೊನೆಗೆ. ಈ ಸರದಿ ತಪ್ಪಿದರೆ ಒಳ್ಳೆಯ ಊಟವೇ ಅವಳಿಗೆ ಮುಳುವಾಗುತ್ತದೆ.

ಹಲ್ಲಿ ಜಾತಿಗೆ ಮೈಬಿಸಿ ಹೊರಗಿನಿಂದ ಬರಬೇಕು. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ತಿಂದದ್ದು ಒಳಗೇ ಕೊಳೆಯುತ್ತದೆ. ಆರೋಗ್ಯವಾಗಿರುವ ಡ್ರ್ಯಾಗನ್‌ಗೆ ಬಿಸಿ ಕಾಯಿಸುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇಡುತ್ತೇವೆ, ಟ್ಯಾಂಕಿನ ಇನ್ನೊಂದು ತುದಿ 25ರ ಆಸುಪಾಸು. ಚಿನ್ನಿಗೆ ಸದ್ಯಕ್ಕೆ 38 ಸಾಕು. ಬಿಸಿ ಜಾಸ್ತಿಯಾದರೆ ಎದ್ದು ಆಚೆ ಹೋಗುವ ಶಕ್ತಿ ಅವಳಿಗಿಲ್ಲ, ಬಿದ್ದಲ್ಲೇ ಬೇಯುತ್ತಾಳೆ. ಗಾಜಿಗೆ ಅಂಟಿಸುವ ಗುಂಡು ಥರ್ಮಾಮೀಟರ್ ನಂಬಬೇಡಿ. ಅವಳು ಮಲಗುವ ಜಾಗಕ್ಕೇ ಇನ್‌ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯುವ ಥರ್ಮಾಮೀಟರ್) ಹಿಡಿದು ನೋಡಿ.

ಬಿಸಿ ಕಲ್ಲನ್ನು ಈಗಲೇ ತೆಗೆಯಿರಿ. ಸುತ್ತೆಲ್ಲ ತಂಪಾಗಿ ಆ ಕಲ್ಲೊಂದೇ ಬೆಚ್ಚಗಿದ್ದರೆ ಪ್ರಾಣಿ ಅದನ್ನೇ ಅಪ್ಪಿಕೊಂಡು ಮಲಗುತ್ತದೆ, ಹೊಟ್ಟೆ ಸುಟ್ಟರೂ ಬಿಡುವುದಿಲ್ಲ. ಕೆಂಪು ಬಲ್ಬೂ ಬೇಡ. ಹಗಲು ಬಿಳಿ ಬೆಳಕಿನ ಬಲ್ಬು, ರಾತ್ರಿ ಪೂರ್ತಿ ಕತ್ತಲೆ. ಮರಳು ತೆಗೆದು ಪೇಪರ್ ಟವೆಲ್ ಹಾಸಿ. ಗಾಯಕ್ಕೆ ಮರಳು ಮೆತ್ತುವುದು ತಪ್ಪುತ್ತದೆ, ಮಲ ಹೇಗಿದೆ ಎಂದು ನೋಡಲೂ ಆಗುತ್ತದೆ.

ಎತ್ತುವಾಗ ಕಂಕುಳಿಗೆ ಕೈ ಹಾಕಬೇಡಿ. ಬಾಲ ಹಿಡಿಯುವ ಮಾತೇ ಬೇಡ, ಇವುಗಳಿಗೆ ಬಾಲ ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ಎರಡೂ ಅಂಗೈ ಚಪ್ಪಟೆಯಾಗಿ ಹೊಟ್ಟೆಯ ಕೆಳಗೆ ಜಾರಿಸಿ, ಎದೆ ಮತ್ತು ಸೊಂಟ ಒಟ್ಟಿಗೆ ಮೇಲೆ ಬರುವಂತೆ ಎತ್ತಿ. ಅವಳ ಮೂಳೆ ಈಗ ಹಿಡಿತಕ್ಕೇ ಮುರಿಯಬಹುದು.

ಬಾಲಬಂಗಾರ

ಅಷ್ಟು ಒಣಗಿರುವ ಪ್ರಾಣಿಯನ್ನು ಊಟವಿಲ್ಲದೆ ಬಿಡುವುದೇ? ನನಗೆ ಒಪ್ಪಿಗೆಯಿಲ್ಲ. ವ್ಯಾಕ್ಸ್‌ವರ್ಮ್, ಸೂಪರ್‌ವರ್ಮ್ ಥರದ ಕೊಬ್ಬಿನ ಹುಳು ಕೊಟ್ಟರೆ ಬೇಗ ಮೈ ಹಿಡಿಯುತ್ತದೆ. ತಾನಾಗಿ ತಿನ್ನದಿದ್ದರೆ ಬಾಯಿ ಬಿಡಿಸಿ ಹಾಕಿ. ನಮ್ಮ ಗಂಡು ಡ್ರ್ಯಾಗನ್ ಸೊರಗಿದ್ದಾಗ ಹುಳುಗಳಿಂದಲೇ ಎದ್ದು ಕೂತ.

ಸರೀಸೃಪವೆಟ್

ಬಾಲಬಂಗಾರ ಅವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಚಿನ್ನಿಗೆ ಇದು ಬೇಡ. ಎರಡು ಕಾರಣ.

ಒಂದು, ಆ ದವಡೆ. ರಬ್ಬರಿನ ಹಾಗೆ ಬಾಗುವ ದವಡೆಯನ್ನು ಬಿಡಿಸಲು ಹೋದರೆ ಮುರಿಯುತ್ತದೆ. ನಿತ್ರಾಣವಾದ ಪ್ರಾಣಿಯ ಬಾಯಿಗೆ ಒತ್ತಾಯವಾಗಿ ಏನನ್ನಾದರೂ ಹಾಕಿದರೆ ಅದು ಶ್ವಾಸನಾಳಕ್ಕೂ ಹೋಗಬಹುದು.

ಎರಡು, ಉಪವಾಸ ಬಿದ್ದ ಮೈ. ತಿಂಗಳುಗಟ್ಟಲೆ ಸರಿಯಾಗಿ ತಿನ್ನದ ದೇಹಕ್ಕೆ ಒಮ್ಮೆಲೇ ಗಟ್ಟಿ ಆಹಾರ ಬಿದ್ದರೆ, ರಕ್ತದಲ್ಲಿರುವ ಪೊಟ್ಯಾಸಿಯಂ, ಫಾಸ್ಫರಸ್ ಎಲ್ಲ ತಟ್ಟನೆ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತ ತಪ್ಪುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತೇವೆ. ತಿನ್ನದೆ ಇಷ್ಟು ದಿನ ಬದುಕಿದ ಪ್ರಾಣಿ ತಿಂದ ಮೇಲೆ ಸಾಯುವುದು ಹೀಗೆ. ಅದಕ್ಕೇ ಮೊದಲು ನೀರಿನಂಶ ಸರಿಮಾಡಿ, ಆಮೇಲೆ ತೆಳುವಾದ ಆಹಾರವನ್ನು ದಿನದ ಅಗತ್ಯದ ಸ್ವಲ್ಪ ಭಾಗದಿಂದ ಶುರು ಮಾಡಿ, ನಿಧಾನವಾಗಿ ಏರಿಸುತ್ತೇವೆ.

ಇನ್ನು ನೀವು ಹೇಳಿದ ಲಕ್ಷಣಗಳು. ಫೋಟೋ, ವಿವರಣೆ ನೋಡಿ ರೋಗ ನಿರ್ಧಾರ ಮಾಡಲು ಬರುವುದಿಲ್ಲ. ಆದರೆ ಮೆತ್ತಗಿನ ದವಡೆ, ಅದುರುವ ಬೆರಳು, ಎತ್ತಲಾಗದ ಮೈ, ಯುವಿಬಿ ಇಲ್ಲದ ವರ್ಷಗಳು: ಇವೆಲ್ಲ ಒಟ್ಟಿಗೆ ಬಂದಾಗ ಮೊದಲು ಅನುಮಾನಿಸುವುದು ಮೆಟಬಾಲಿಕ್ ಬೋನ್ ಡಿಸೀಸ್ ಅನ್ನು. ಕ್ಯಾಲ್ಸಿಯಂ ಹೊಟ್ಟೆಗೆ ಹೋದರೆ ಸಾಲದು, ಕರುಳು ಅದನ್ನು ಹೀರಬೇಕು. ಅದಕ್ಕೆ ವಿಟಮಿನ್ ಡಿ3 ಬೇಕು. ಚರ್ಮದ ಮೇಲೆ ಯುವಿಬಿ ಬಿದ್ದಾಗ ಡಿ3ಯ ಮೊದಲ ರೂಪ ತಯಾರಾಗುತ್ತದೆ, ಅದು ಪೂರ್ತಿ ಡಿ3 ಆಗಲು ಮೈ ಬಿಸಿಯಾಗಿರಬೇಕು. ಬೆಳಕೂ ಬಿಸಿಯೂ ಒಂದೇ ಜಾಗದಲ್ಲಿ ಬೀಳಬೇಕು ಎನ್ನುವುದು ಇದಕ್ಕೇ. ಡಿ3 ಇಲ್ಲದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಆಗ ದೇಹ ತನ್ನ ಮೂಳೆಯನ್ನೇ ಕರಗಿಸಿ ಕೊರತೆ ತುಂಬಿಕೊಳ್ಳುತ್ತದೆ, ಮೂಳೆಯ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ದವಡೆ ಊದಿ ಮೆತ್ತಗಾಗುವುದು ಹೀಗೆ. ಮೂಳೆ ಕರಗಿಸಿದರೂ ಸಾಲದೆ ಹೋದಾಗ ನರ, ಸ್ನಾಯು ಅದುರಲು ಶುರುವಾಗುತ್ತವೆ. ಚಿನ್ನಿ ಆ ಹಂತದಲ್ಲಿರುವ ಹಾಗೆ ಕಾಣುತ್ತದೆ. ನಾಡಿದ್ದಿನವರೆಗೆ ಕಾಯಬೇಡಿ. ಕ್ಲಿನಿಕ್‌ಗೆ ಫೋನ್ ಮಾಡಿ "ಬೆರಳು ಅದುರುತ್ತಿವೆ, ದವಡೆ ಬಾಗುತ್ತಿದೆ" ಎಂದು ಇವೇ ಮಾತು ಹೇಳಿ. ನಾಳೆ ಬೆಳಿಗ್ಗೆಯೇ ಕರೆಯಬಹುದು.

ತೋಟದಹಲ್ಲಿ

ಒಂದು ಸಂಶಯ. ಇದು ಬ್ರುಮೇಷನ್, ಅಂದರೆ ಸರೀಸೃಪಗಳ ಚಳಿಗಾಲದ ದೀರ್ಘ ನಿದ್ದೆ, ಇರಬಹುದಾ? ನಮ್ಮದು ವರ್ಷಕ್ಕೊಮ್ಮೆ ತಿನ್ನುವುದು ಬಿಟ್ಟು ವಾರಗಟ್ಟಲೆ ಮಲಗುತ್ತದೆ.

ಸರೀಸೃಪವೆಟ್

ಚೆನ್ನಾಗಿ ಮೈ ತುಂಬಿಕೊಂಡ ಪ್ರಾಣಿ ಮಲಗಿದರೆ ಚಿಂತೆಯಿಲ್ಲ, ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮೂಳೆ ಕಾಣುವ, ಕಣ್ಣು ಗುಳಿಬಿದ್ದ ಪ್ರಾಣಿ ಮಲಗಿದರೆ ಅದು ನಿದ್ದೆಯಲ್ಲ. ಅದನ್ನು ಬ್ರುಮೇಷನ್ ಎಂದುಕೊಂಡು ಬಿಟ್ಟರೆ ಎಷ್ಟೋ ಪ್ರಾಣಿ ಸಾಯುತ್ತವೆ.

ಬೆಳಕುಕೋಲು

ಕಿಟಕಿ ಬಿಸಿಲಿನ ಮಾತು ಬಂದಿತ್ತಲ್ಲ, ಅದಕ್ಕೆ ಉತ್ತರ. ಮೂಳೆಗೆ ಬೇಕಾದ ಕಿರಣ ಸುಮಾರು 290ರಿಂದ 315 ನ್ಯಾನೋಮೀಟರ್‌ನದು. ಕಿಟಕಿ ಗಾಜು ಅದನ್ನು ತಡೆದುಬಿಡುತ್ತದೆ. ಬೆಳಕು, ಶಾಖ ಎರಡೂ ಒಳಗೆ ಬರುತ್ತವೆ, ಆ ಕಿರಣ ಮಾತ್ರ ಬರುವುದಿಲ್ಲ. ಪ್ರಾಣಿ ದಿನವಿಡೀ ಬಿಸಿಲಿನಲ್ಲಿ ಮಲಗಿದ ಹಾಗೆ ಕಾಣುತ್ತದೆ, ಮೂಳೆ ಕರಗುತ್ತಲೇ ಇರುತ್ತದೆ. ಬಿಸಿಲಿಗಿಟ್ಟ ಗಾಜಿನ ಟ್ಯಾಂಕು ಒಲೆಯ ಹಾಗೆ ಕಾಯುತ್ತದೆ, ಅದು ಇನ್ನೊಂದು ಅಪಾಯ.

ಉದ್ದ ಕೋಲಿನ ಟಿ5 ಎಚ್‌ಒ (ಹೆಚ್ಚು ಬೆಳಕು ಕೊಡುವ ತೆಳು ಟ್ಯೂಬ್‌ಲೈಟ್) ಯುವಿಬಿ ಟ್ಯೂಬ್ ತೆಗೆದುಕೊಳ್ಳಿ, ಯುವಿಬಿ 10 ಅಥವಾ 12 ಶೇಕಡಾ ಎಂದು ಬರೆದಿರುವುದು. ಟ್ಯಾಂಕಿನ ಅರ್ಧ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಬರಲಿ. ಬಿಸಿ ಬಲ್ಬಿನ ಪಕ್ಕದಲ್ಲೇ ಕೂರಿಸಿ, ಇನ್ನೊಂದು ತುದಿಯಲ್ಲಿ ನೆರಳು ಉಳಿಯಲಿ. ಮಧ್ಯೆ ಗಾಜು, ಪ್ಲಾಸ್ಟಿಕ್ ಇರಬಾರದು. ಜಾಲರಿ ಇದ್ದರೆ ಅದೂ ಒಂದಷ್ಟು ಕಿರಣವನ್ನು ತಡೆಯುತ್ತದೆ. ಹಾಗಾಗಿ ದೂರವನ್ನು ಕಣ್ಣಳತೆಯಲ್ಲಿ ಇಡಬೇಡಿ, ಟ್ಯೂಬಿನ ಕಂಪನಿ ಕೊಡುವ ಅಳತೆ ನೋಡಿ. ಯಾರ ಬಳಿಯಾದರೂ ಸೋಲಾರ್‌ಮೀಟರ್ 6.5 (ಯುವಿ ಅಳೆಯುವ ಮೀಟರ್) ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಅವಳ ಬೆನ್ನಿನ ಎತ್ತರದಲ್ಲಿ ಯುವಿ ಇಂಡೆಕ್ಸ್ 3ರಿಂದ 4 ತೋರಿಸಿದರೆ ನನ್ನ ಮಟ್ಟಿಗೆ ಸರಿ.

ಟ್ಯೂಬ್ ಉರಿಯುತ್ತಿದೆ ಎಂದರೆ ಯುವಿಬಿ ಬರುತ್ತಿದೆ ಎಂದಲ್ಲ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಕಾಣದ ಕಿರಣ ತಿಂಗಳು ಕಳೆದಂತೆ ಸೋರಿಹೋಗುತ್ತದೆ. ಮೀಟರ್ ಇಲ್ಲದವರು 6ರಿಂದ 12 ತಿಂಗಳೊಳಗೆ ಬದಲಾಯಿಸುವುದೇ ಮೇಲು. ಹಚ್ಚಿದ ತಾರೀಖನ್ನು ಟ್ಯೂಬಿನ ತುದಿಯಲ್ಲೇ ಬರೆದಿಡಿ.

ಮಣ್ಣುಬಣ್ಣ

ಫೋನ್ ಮಾಡಿ ಅದೇ ಮಾತು ಹೇಳಿದೆ, ತಕ್ಷಣ ಬರಲು ಹೇಳಿದರು. ಈಗಷ್ಟೇ ವಾಪಸ್ ಬಂದೆವು.

ಎಕ್ಸ್-ರೇಯಲ್ಲಿ ಮೂಳೆ ಬಿಳಿಯಾಗಿ ಕಾಣಬೇಕಾದ ಕಡೆ ಮಂಜು ಮುಸುಕಿದ ಹಾಗೆ ಬೂದು ಬಣ್ಣ. ಬಲ ಮುಂಗಾಲಿನಲ್ಲಿ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಗುರುತು. ಆ ನೋವನ್ನು ಅವಳು ಯಾರಿಗೂ ಗೊತ್ತಾಗದ ಹಾಗೆ ಅನುಭವಿಸಿದ್ದಾಳೆ ಎನ್ನುವುದನ್ನು ಯೋಚಿಸಿದರೆ ಸಂಕಟವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ. ಚರ್ಮದಡಿಗೆ ದ್ರವ ಕೊಟ್ಟು, ಆಮೇಲೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ಬಾಯಿಗೆ ಹಾಕಲು ಕ್ಯಾಲ್ಸಿಯಂ ಸಿರಪ್, ನೋವಿಗೆ ಔಷಧಿ, ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಜೀನ್ ಮುಲಾಮು. ಮಲದ ಪರೀಕ್ಷೆಯಲ್ಲಿ ಪಿನ್‌ವರ್ಮ್ (ಕರುಳಿನ ಸಣ್ಣ ಹುಳು), ಕಾಕ್ಸಿಡಿಯಾ (ಕರುಳಿನ ಸೂಕ್ಷ್ಮ ಪರಾವಲಂಬಿ) ಎರಡೂ ಸಿಕ್ಕಿವೆ. ಆದರೆ ಹುಳುವಿನ ಔಷಧಿ ಈಗ ಬೇಡ, ಮೈಯಲ್ಲಿ ನೀರಿನಂಶ ಬರಲಿ ಅಂದರು.

ಊಟಕ್ಕೆ ಪುಡಿ ರೂಪದ ರಿಕವರಿ ಆಹಾರ, ತುಂಬ ತೆಳ್ಳಗೆ ಕಲಸಿ. ಬಾಯಿ ಬಿಡಿಸುವ ಹಾಗಿಲ್ಲ. ಮೂತಿಯ ತುದಿಗೆ ಒಂದು ಹನಿ ಇಟ್ಟು ಕಾಯುವುದು. ಈಗ ನೀರನ್ನೇ ಹಾಗೆ ಕೊಟ್ಟು ನೋಡಿದೆ. ಮೊದಲ ಹನಿ ಗಲ್ಲಕ್ಕಿಳಿದು ಪೇಪರಿಗೆ ಬಿತ್ತು. ಎರಡನೆಯದೂ ಅಷ್ಟೇ. ಆಮೇಲೆ ಒಂದು ಕಣ್ಣು ಅರ್ಧ ತೆರೆಯಿತು. ಗಂಟಲ ಚರ್ಮ ಸಣ್ಣಗೆ ಅಲುಗಿತು. ನಾಲಿಗೆ ಹೊರಗೆ ಬಂದು ಹನಿಯನ್ನು ಮುಟ್ಟಿತು, ಒಳಗೆ ಹೋಯಿತು, ಮತ್ತೆ ಬಂತು. ಆಮೇಲೆ ಕೊಟ್ಟ ಹನಿಯೆಲ್ಲ ಕುಡಿದಳು.

ನೀರಲ್ಲಿ ಕೂರಿಸಿದರೆ ಹಿಂದಿನಿಂದಲೂ ನೀರು ಹೀರುತ್ತಾರೆ ಎಂದು ಎಲ್ಲೋ ಓದಿದ್ದೆ. ದಿನಾ ಸ್ನಾನ ಮಾಡಿಸಬೇಕಾ?

ನಿಧಾನಿ

ಹಿಂದಿನಿಂದ ನೀರು ಹೀರುವ ಮಾತನ್ನು ನೆಚ್ಚಿಕೊಳ್ಳಬೇಡಿ. ಕುಡಿಯುವುದು ಬಾಯಿಂದಲೇ. ಕೆಲವು ಡ್ರ್ಯಾಗನ್‌ಗಳು ನೀರಿನಲ್ಲಿ ನಿಂತಾಗ ತಲೆ ತಗ್ಗಿಸಿ ಕುಡಿಯುತ್ತವೆ, ಹಾಗಾಗಿ ಸ್ನಾನದಿಂದ ಉಪಯೋಗವಿದೆ. ಆದರೆ ಹೊಟ್ಟೆಯಲ್ಲಿ ಸುಟ್ಟ ಗಾಯ ಇರುವಾಗ ಅದನ್ನು ನೆನೆಸಬಹುದಾ ಎಂದು ನಿಮ್ಮ ವೆಟ್ ಹೇಳಬೇಕು. ತಲೆ ಎತ್ತಿ ಹಿಡಿಯಲಾಗದ ಪ್ರಾಣಿ ಒಂದಂಗುಲ ನೀರಿನಲ್ಲೂ ಮುಳುಗುತ್ತದೆ. ಅವಳು ಹನಿ ಕುಡಿಯುತ್ತಿದ್ದಾಳೆ ಅಂದರೆ ಅದೇ ದಾರಿ ಹಿಡಿಯಿರಿ.

ನೀರು ಸಾಕಾಗುತ್ತಿದೆಯಾ ಎಂದು ಮಲದ ಜೊತೆ ಬರುವ ಬಿಳಿ ಭಾಗ ಹೇಳುತ್ತದೆ. ಹಳದಿ ಬಣ್ಣಕ್ಕೆ ತಿರುಗಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿದ್ದರೆ ಸಾಲದು. ಮೆತ್ತಗೆ, ಬಿಳಿಯಾಗಿ ಬಂದರೆ ಸರಿಹೋಗುತ್ತಿದೆ ಎಂದರ್ಥ.

ಬೆರಳಿನ ಪೊರೆಗೆ ಒದ್ದೆ ಹತ್ತಿ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಮೆತ್ತಗಾದ ಮೇಲೆ ಇಯರ್ ಬಡ್‌ನಿಂದ ಬೆರಳಿನ ತುದಿಯ ಕಡೆಗೆ ಸವರಿ. ಎಳೆಯಬೇಡಿ. ಒಂದೇ ಸಲಕ್ಕೆ ಬರಬೇಕು ಅಂತಿಲ್ಲ. ಬೆರಳು ಈಗಾಗಲೇ ಕಪ್ಪಾಗಿ ಒಣಗಿದ್ದರೆ ಮಾತ್ರ ಮುಟ್ಟದೆ ವೆಟ್‌ಗೆ ತೋರಿಸಿ. ಪೊರೆ ಬಿಗಿದು ರಕ್ತ ನಿಂತಿರುತ್ತದೆ.

ಸರೀಸೃಪವೆಟ್

ಕಾಕ್ಸಿಡಿಯಾ ಬಗ್ಗೆ ಒಂದು ಮಾತು. ಅದರ ಮೊಟ್ಟೆಯಂಥ ಕಣಗಳು ಮಲದಲ್ಲಿ ಹೊರಬಂದು, ಮತ್ತೆ ಬಾಯಿಗೆ ಸೇರಿ ಹೊಸದಾಗಿ ಸೋಂಕು ಶುರುವಾಗುತ್ತದೆ. ಸಾಮಾನ್ಯ ಕ್ರಿಮಿನಾಶಕಗಳಿಗೆ ಅವು ಜಗ್ಗುವುದಿಲ್ಲ, ಬಿಸಿ ಹಬೆಗೆ ಸಾಯುತ್ತವೆ. ಪೇಪರ್ ದಿನಾ ಬದಲಾಯಿಸಿ, ಮಲ ಕಂಡ ತಕ್ಷಣ ತೆಗೆಯಿರಿ. ಮನೆಯಲ್ಲಿ ಬೇರೆ ಸರೀಸೃಪ ಇದ್ದರೆ ಬೇರೆ ಕೋಣೆ, ಬೇರೆ ಪಾತ್ರೆ. ನಿಮಗೂ ಇದು ಮುಖ್ಯ: ಇವುಗಳಲ್ಲಿ ಸಾಲ್ಮೊನೆಲ್ಲಾ (ಮನುಷ್ಯರ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅಡುಗೆಮನೆಯ ಸಿಂಕಿನಲ್ಲಿ ಅವಳ ಸಾಮಾನು ತೊಳೆಯಬೇಡಿ. ಚಿಕ್ಕ ಮಕ್ಕಳಿದ್ದರೆ ಇನ್ನೂ ಜಾಗ್ರತೆ.

ತೋಟದಹಲ್ಲಿ

ಬೇಸರ ಮಾಡಿಕೊಳ್ಳಬೇಡಿ, ಕೇಳಲೇಬೇಕು ಅನಿಸಿತು. ಇಷ್ಟೆಲ್ಲ ಮಾಡುವಾಗ ನಾವು ಅವಳ ನೋವನ್ನೇ ಉದ್ದ ಮಾಡುತ್ತಿದ್ದೇವಾ? ಸುಖವಾಗಿ ಕಳಿಸಿಕೊಡುವುದೇ ದಯೆ ಅಲ್ವಾ?

ಮಣ್ಣುಬಣ್ಣ

ಬೇಸರವಿಲ್ಲ. ಕ್ಲಿನಿಕ್‌ನಲ್ಲಿ ನಾನೇ ಇದನ್ನು ಕೇಳಿದೆ. ಬೆನ್ನುಮೂಳೆ ಮುರಿದಿಲ್ಲ, ಹಿಂಗಾಲಿನಲ್ಲಿ ಶಕ್ತಿ ಇದೆ, ತಾನಾಗಿ ಮಲ ಮಾಡುತ್ತಾಳೆ, ನೋವಿಗೆ ಔಷಧಿ ಇದೆ, ಹಾಗಾಗಿ ಒಂದು ಅವಕಾಶ ಕೊಡೋಣ ಅಂದರು. ಇವುಗಳಲ್ಲಿ ಯಾವುದು ಕೈಕೊಟ್ಟರೆ ಮತ್ತೆ ಮಾತಾಡೋಣ ಎಂದೂ ಹೇಳಿದ್ದಾರೆ. ಅದನ್ನು ಬರೆದು ಟ್ಯಾಂಕಿನ ಪಕ್ಕ ಅಂಟಿಸಿದ್ದೇನೆ. ಅವಳು ಹೋಗಬೇಕಾದ ದಿನ ಬಂದರೆ ನನ್ನ ಆಸೆಗಾಗಿ ಅವಳನ್ನು ಉಳಿಸಿಕೊಳ್ಳುವುದಿಲ್ಲ.

ಸರೀಸೃಪವೆಟ್

ನಿಮ್ಮ ವೆಟ್ ಸರಿಯಾಗಿ ಹೇಳಿದ್ದಾರೆ. ಒಂದು ಈಗಲೇ ತಿಳಿದಿರಲಿ: ಮೂಳೆ ಮತ್ತೆ ಗಟ್ಟಿಯಾಗುತ್ತದೆ, ಸೊಟ್ಟಗಾಗಿರುವುದು ನೆಟ್ಟಗಾಗುವುದಿಲ್ಲ. ಹೊಸ ಮೂಳೆ ತುಂಬಲು ತಿಂಗಳುಗಳೇ ಬೇಕು. ಅದುರುವುದು ಬೇಗ ನಿಲ್ಲುತ್ತದೆ. ಅದು ನಿಂತಿತೆಂದು ಔಷಧಿ ನಿಲ್ಲಿಸಿದ ಅನೇಕರು ಮತ್ತೆ ವಾಪಸ್ ಬರುತ್ತಾರೆ.

ಮಣ್ಣುಬಣ್ಣ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಚಿನ್ನಿ ಇದ್ದಾಳೆ, ಚೆನ್ನಾಗಿದ್ದಾಳೆ!

ಬೆರಳು ಅದುರುವುದು ಪೂರ್ತಿ ನಿಂತಿದೆ. ಕಣ್ಣಿನ ಗುಳಿ ತುಂಬಿದೆ. ಒಂದು ಬೆರಳಿನ ತುದಿ ಉಳಿಯಲಿಲ್ಲ, ಇನ್ನೊಂದು ಉಳಿಯಿತು. ತೂಕ 231 ಗ್ರಾಂ. ಏರಿದ್ದು ನಿಧಾನವಾಗಿ, ಮಧ್ಯೆ ಪಿನ್‌ವರ್ಮ್ ಔಷಧಿ ಕೊಟ್ಟಾಗ ಸ್ವಲ್ಪ ಇಳಿದು ಮತ್ತೆ ಏರಿತು. ಅಡುಗೆಮನೆ ತಕ್ಕಡಿಯಂಥದ್ದೇ ಒಂದನ್ನು ಅವಳಿಗೆಂದೇ ಇಟ್ಟಿದ್ದೇನೆ. ವಾರಕ್ಕೊಮ್ಮೆ ಬೆಳಿಗ್ಗೆ ಊಟಕ್ಕೆ ಮೊದಲು ತೂಗುವುದು.

ದವಡೆ ಗಟ್ಟಿಯಾಗಿದೆ, ಆದರೆ ಕೆಳಗಿನದು ಎಡಕ್ಕೆ ಓರೆ. ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಎಲೆಯನ್ನು ಕಚ್ಚಿ ಹರಿಯಲು ಬರುವುದಿಲ್ಲ. ಅದಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಚಪ್ಪಟೆ ತಟ್ಟೆಯಲ್ಲಿ ಹರಡುತ್ತೇನೆ. ಹುಳುವಿನ ಹಿಂದೆ ಓಡಲೂ ಆಗುವುದಿಲ್ಲ. ಮೆತ್ತಗಿನ ರೇಷ್ಮೆಹುಳು, ಬ್ಲ್ಯಾಕ್ ಸೋಲ್ಜರ್ ಫ್ಲೈ ಲಾರ್ವಾ ಇವನ್ನು ಬಟ್ಟಲಿನಲ್ಲಿ ಇಡುತ್ತೇನೆ. ಹತ್ತುವ ಕೊಂಬೆ ಹಾಕಿಲ್ಲ. ಅಗಲವಾದ ಚಪ್ಪಟೆ ಕಲ್ಲು, ಅದಕ್ಕೆ ಇಳಿಜಾರು ದಾರಿ, ಬಿದ್ದರೂ ಪೆಟ್ಟಾಗದಷ್ಟು ಎತ್ತರ. ಕಲ್ಲು ತಗ್ಗಿಗೆ ಬಂದದ್ದರಿಂದ ಟ್ಯೂಬನ್ನೂ ಅಷ್ಟೇ ಕೆಳಗೆ ತಂದೆ.

ಊಟದಲ್ಲಿ ಇನ್ನೇನು ಸೇರಿಸಲಿ?

ಬಾಲಬಂಗಾರ

ತುಂಬ ಖುಷಿಯಾಯಿತು. ರೀಫೀಡಿಂಗ್ ವಿಷಯ ಇಲ್ಲಿ ಓದಿ ತಿಳಿದದ್ದು ನನಗೂ ಉಪಯೋಗಕ್ಕೆ ಬಂತು.

ನೀವು ಆರಿಸಿದ ಹುಳು ಸರಿಯಾಗಿದೆ. ಕ್ರಿಕೆಟ್ ಹುಳು, ಮೀಲ್‌ವರ್ಮ್ ಇವುಗಳಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಎಷ್ಟೋ ಜಾಸ್ತಿ, ಅವಳಿಗೆ ಬೇಕಾದದ್ದು ಅದರ ತಿರುಗುಮುರುಗು, ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ಫಾಸ್ಫರಸ್. ಸೋಲ್ಜರ್ ಫ್ಲೈ ಲಾರ್ವಾದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಬೇರೆ ಹುಳು ಕೊಟ್ಟರೆ ಹಿಂದಿನ ದಿನವೇ ಅವಕ್ಕೆ ಒಳ್ಳೆಯ ಸೊಪ್ಪು ತಿನ್ನಿಸಿ, ಕೊಡುವ ಮೊದಲು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಟ್ಯಾಂಕಿನಲ್ಲಿ ಬಿಡಬೇಡಿ, ಮಲಗಿದ ಪ್ರಾಣಿಯನ್ನು ಕಚ್ಚುತ್ತವೆ. ಸಾಸಿವೆ ಸೊಪ್ಪು, ದಂಡೇಲಿಯನ್ ಎಲೆ ದಿನಾ ಕೊಡಬಹುದು. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆಹಣ್ಣು ವಿಷ. ಮಿಂಚುಹುಳು ಒಂದೇ ಒಂದು ತಿಂದರೂ ಸಾಯಬಹುದು, ಹೊರಗೆ ಬಿಡುವಾಗ ಕಣ್ಣಿಡಿ.

ಮಣ್ಣುಬಣ್ಣ

ಮತ್ತೆ ನಾನೇ. ಊಟ ಚೆನ್ನಾಗಿತ್ತು, ಈಗ ಕಡಿಮೆಯಾಗಿದೆ. ನಿನ್ನೆಯಿಂದ ಟ್ಯಾಂಕಿನ ಮೂಲೆಯಲ್ಲಿ ಪೇಪರನ್ನು ಕೆರೆಯುತ್ತಲೇ ಇದ್ದಾಳೆ. ಹೊಟ್ಟೆಯ ಎರಡೂ ಬದಿ ಉಬ್ಬಿದೆ. ಗಂಡಿನ ಜೊತೆ ಇರಲೇ ಇಲ್ಲ. ಮೊಟ್ಟೆ ಇರಬಹುದಾ?

ಸರೀಸೃಪವೆಟ್

ಇರಬಹುದು. ಗಂಡು ಇಲ್ಲದೆಯೂ ಹೆಣ್ಣು ಡ್ರ್ಯಾಗನ್ ಮೊಟ್ಟೆ ಕಟ್ಟುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಮೈ ಸುಧಾರಿಸಿದಾಗ, ಊಟ ಹೆಚ್ಚಾದಾಗ ಇದು ಶುರುವಾಗುವುದು ಸಹಜ. ಆದರೆ ಚಿನ್ನಿಗೆ ಇದು ಕಷ್ಟದ ಸಮಯ. ಚಿಪ್ಪಿಗೆ ಕ್ಯಾಲ್ಸಿಯಂ ಹೋಗುತ್ತದೆ, ಮೊಟ್ಟೆ ಹೊರಗೆ ತಳ್ಳುವ ಸ್ನಾಯುವಿಗೂ ಕ್ಯಾಲ್ಸಿಯಂ ಬೇಕು. ಕೊರತೆಯಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಎಕ್ಸ್-ರೇ ಮಾಡಿಸಿ. ಎಷ್ಟು ಮೊಟ್ಟೆ, ಸೊಂಟದ ಮೂಳೆಯ ನಡುವೆ ದಾರಿ ಇದೆಯಾ, ಎರಡೂ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಪ್ರಮಾಣವನ್ನು ನೀವೇ ಏರಿಸಬೇಡಿ, ನಿಮ್ಮ ವೆಟ್ ಹೇಳಲಿ. ಮುಂದೆ ಗಟ್ಟಿಮುಟ್ಟಾದ ಮೇಲೆ ಅಂಡಾಶಯ ತೆಗೆಸುವ ಬಗ್ಗೆಯೂ ಕೇಳಿ, ಇವಳಂಥವರಿಗೆ ಅದು ಯೋಚಿಸಬೇಕಾದ ವಿಷಯ.

ಅವಳು ಕೆರೆಯುತ್ತಿರುವುದು ತೋಡಲು ಜಾಗ ಹುಡುಕಿ. ಸಿಗದಿದ್ದರೆ ಮೊಟ್ಟೆಯನ್ನು ತಡೆದಿಟ್ಟುಕೊಳ್ಳುತ್ತಾಳೆ. ಇವತ್ತೇ ಒಂದು ಡಬ್ಬಿ ಇಡಿ.

ಮಣ್ಣುಬಣ್ಣ

ನಾಳೆ ಬೆಳಿಗ್ಗೆ ಎಕ್ಸ್-ರೇ ಗೊತ್ತಾಯಿತು. ಅವಳು ಪೂರ್ತಿ ತಿರುಗಾಡುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿದೆ. ಒಳಗೆ ಏನು ತುಂಬಲಿ? ಸೊಟ್ಟ ಮುಂಗಾಲಿನಲ್ಲಿ ತೋಡಲು ಆಗುತ್ತದಾ?

ನಿಧಾನಿ

ಗೊಬ್ಬರ, ಔಷಧಿ ಯಾವುದೂ ಸೇರದ ಮಣ್ಣು, ತೊಳೆದ ಸಣ್ಣ ಮರಳು, ಎರಡನ್ನೂ ಕಲಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆಳ 20 ಸೆಂಟಿಮೀಟರ್‌ಗಿಂತ ಜಾಸ್ತಿ ಇರಲಿ. ಮುಂಗಾಲಿಗೆ ಕಷ್ಟವಾಗದಂತೆ ಒಂದು ಮೂಲೆಯಲ್ಲಿ ನೀವೇ ಓರೆಯಾಗಿ ಅರ್ಧ ಸುರಂಗ ತೋಡಿ ಬಿಡಿ, ಉಳಿದದ್ದನ್ನು ಅವಳು ಮುಂದುವರಿಸುತ್ತಾಳೆ. ಡಬ್ಬಿ ಬೆಚ್ಚಗಿರಲಿ, ಆದರೆ ಬಲ್ಬಿನ ನೇರ ಕೆಳಗೆ ಬೇಡ. ಮೇಲೆ ಅರ್ಧಕ್ಕೆ ಬಟ್ಟೆ ಮುಚ್ಚಿ, ಯಾರೂ ಇಣುಕದ ಹಾಗೆ ನೋಡಿಕೊಳ್ಳಿ. ತೋಡಿ ತೋಡಿ ಸುಸ್ತಾಗಿ ಮೊಟ್ಟೆ ಬರದೆ ಮಲಗಿಬಿಟ್ಟರೆ, ಕಾಲು ಮತ್ತೆ ಅದುರಿದರೆ, ಬೆಳಿಗ್ಗೆವರೆಗೆ ಕಾಯದೆ ತುರ್ತು ನಂಬರಿಗೆ ಫೋನ್ ಮಾಡಿ. ಇಟ್ಟ ಮೇಲೆ ಮೊದಲು ನೀರು ಕೊಡಿ, ಹನಿಹನಿಯಾಗಿ. ಆಮೇಲೆ ಊಟ.